ರಾಯಲ್ಪಾಡಿಗೆ ಹೊರಟ ಎರಡು ಸೀಟಿನ ಕಾರು

ಆ ಕೆಂಪು ಸ್ಪೋರ್ಟ್ಸ್ ಕಾರು ನೋಡಿದರೆ ಈಗಲೂ ಮೈ ಉರಿಯುತ್ತೆ. ಟೊಮೇಟೊ ಮಂಡಿ ಕೈಹಿಡಿದ ವರ್ಷ ಬೆಂಗಳೂರಿಂದ ಹೊಸದೇ ತಂದಿದ್ದು. ತಂದ ತಿಂಗಳಲ್ಲೇ ಸ್ಟೇರಿಂಗ್ ಹಿಂದೆ ಹಳದಿ ದೀಪ ಹತ್ತಿಕೊಂಡಿತು. ಶೋರೂಮಿಗೆ ಒಯ್ದರೆ ಅಲ್ಲಿ ದೀಪವೇ ಮಾಯ. ಕಂಪ್ಯೂಟರ್ ಹಾಕಿ ನೋಡಿ, ಏನೂ ತೊಂದರೆ ಇಲ್ಲ ಸಾರ್ ಅಂತ ಕಾಫಿ ಕೊಟ್ಟು ಕಳಿಸಿದರು. ವಾಪಸ್ ಊರಿಗೆ ಬರ್ತಾ ವಕ್ಕಲೇರಿ ತಲುಪೋಷ್ಟರಲ್ಲಿ ಮತ್ತೆ ದೀಪ. ನಮ್ಮೂರ ಮೆಕ್ಯಾನಿಕ್ ಕೈಯಿಟ್ಟರೆ ವಾರಂಟಿ ಹೋಗುತ್ತಂತೆ. ದುಡ್ಡು ನಂದು, ಗಾಡಿ ನಂದು, ಮುಟ್ಟೋಕೆ ಅಪ್ಪಣೆ ಅವರದ್ದು. ಇದೆಂಥ ಕರ್ಮ!

ಅದರ ಹೊಟ್ಟೆಯೋ ನೆಲಕ್ಕೇ ಅಂಟಿಕೊಂಡಿರೋದು. ನಮ್ಮ ಕಡೆ ಊರೂರಿಗೂ ಹಂಪ್, ಅದೂ ಊರಿನವರೇ ಸಿಮೆಂಟ್ ಸುರಿದು ಎಬ್ಬಿಸಿದ್ದು. ಭಾರ ಇಳಿದರೆ ಗಾಡಿ ಒಂದಿಷ್ಟು ಮೇಲೇಳುತ್ತಲ್ಲ, ಅದಕ್ಕೆ ಹಂಪ್ ಬಂದಾಗೆಲ್ಲ ನನ್ನ ಹೆಂಡತಿ ಇಳಿದು, ನಡೆದು ದಾಟಿ, ಆಚೆ ಮತ್ತೆ ಹತ್ತೋಳು. ರೇಷ್ಮೆ ಸೀರೆ ಉಟ್ಟು ಆ ಸೀಟಿಗೆ ಇಳಿಯೋದು ಅಂದರೆ ಬಾವಿಗೆ ಇಳಿದ ಹಾಗೆ.

ರಾಯಲ್ಪಾಡಿನಲ್ಲಿ ಅವಳ ತಮ್ಮನ ಮಗುವಿಗೆ ನಾಮಕರಣ. ಎಷ್ಟೋ ವರ್ಷ ಕಾದಮೇಲೆ ಹುಟ್ಟಿದ ಕೂಸು. ಇನ್ನೊಂದು ಬೇಡ ಅಂತ ಡಾಕ್ಟರೇ ಹೇಳಿದ್ದರು. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಇವಳೇ. ಹಿಂದಿನ ದಿನವೇ ಬಸ್ಸಿಗೆ ಹೋಗ್ತೀನಿ ಅಂದಳು. ನಾನು ಬಿಡಲಿಲ್ಲ. ಮನೆ ಮುಂದೆ ಇಂಥ ಗಾಡಿ ಇಟ್ಕೊಂಡು ಬಸ್ಸಂತೆ!

ಶ್ರೀನಿವಾಸಪುರ ದಾಟಿದ ಮೇಲೆ ಒಂದು ಹಂಪ್ ಹತ್ತಿರ ಅವಳು ಇಳಿದಳು. ನಾನು ಗಾಡಿನ ಓರೆಯಾಗಿ ದಾಟಿಸಿದೆ. ದೀಪ ಹತ್ತಿತು, ಎಂಜಿನ್ ನಿಂತಿತು. ಶೋರೂಮಿಗೆ ಫೋನ್ ಮಾಡಿದರೆ, ಸ್ಟಾರ್ಟ್ ಮಾಡಲೇಬೇಡಿ, ಗಾಡಿ ಎತ್ಕೊಂಡು ಬರೋಕೆ ಬೆಂಗಳೂರಿಂದ ಲಾರಿ ಕಳಿಸ್ತೀವಿ ಅಂದರು. ಅಷ್ಟರಲ್ಲಿ ರಾಯಲ್ಪಾಡಿನ ಕಡೆಗೆ ಟೊಮೇಟೊ ಟೆಂಪೊ ಒಂದು ಬಂತು. ಅವಳು ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಇರು, ತಣ್ಣಗಾದರೆ ತಾನೇ ಸ್ಟಾರ್ಟ್ ಆಗುತ್ತೆ ಅಂತ ನಾನು ಟೆಂಪೊನ ಮುಂದಕ್ಕೆ ಕಳಿಸಿಬಿಟ್ಟೆ. ಆಗಲಿಲ್ಲ, ದರಿದ್ರದ್ದು. ನಮ್ಮತ್ತೆ ಫೋನಿನ ಮೇಲೆ ಫೋನು ಮಾಡಿ, ಎಲ್ಲಿದ್ದೀರಿ ಅನ್ನೋದನ್ನ ತೆಲುಗಲ್ಲಿ ಎಕ್ಕಡುನ್ನಾರು, ಎಕ್ಕಡುನ್ನಾರು ಅಂತ ಕೇಳ್ತಾನೇ ಇದ್ದರು. ಕೊನೆಗೆ ಹಾಲಿನ ಗಾಡಿ ಹಿಡಿದು ಹೋದೆವು.

ಮುಹೂರ್ತ ಮೀರುತ್ತೆ ಅಂತ ಪಕ್ಕದ ಮನೆಯಾಕೆಯ ಕೈಲಿ ಹೆಸರು ಹೇಳಿಸಿ ಮುಗಿಸಿದ್ದರು. ಜನ ಊಟಕ್ಕೆ ಕೂತಿದ್ದರು. ನನ್ನ ಹೆಂಡತಿ ತೊಟ್ಟಿಲಿಗೆ ಬಗ್ಗಿದವಳು ಮಗುವಿನ ಕಿವಿ ಹತ್ತಿರ ಹೋಗಲೇ ಇಲ್ಲ, ಕಾಲು ಮಾತ್ರ ಮುಟ್ಟಿ ಎದ್ದಳು. ನಾನು ಶೋರೂಮಿನವರನ್ನ ಬಾಯಿಗೆ ಬಂದಹಾಗೆ ಬೈದು, ಗಾಡಿ ಸರಿಯಾಗಲಿ, ಇನ್ನೊಂದು ಫಂಕ್ಷನ್ನಿಗೆ ಟೈಮಿಗೆ ಸರಿಯಾಗಿ ಕರ್ಕೊಂಡ್ ಬರ್ತೀನಿ ಅಂದೆ.

"ಹೆಸರು ಒಂದೇ ಸಲ ಇಡೋದು ಕಣ್ರೀ," ಅಂದಳು.