ಅಷ್ಟೇನೂ ದೂರ ಇಲ್ಲ

ಭಾನುವಾರ ಬೆಳಿಗ್ಗೆ ನಾನು ವಾರಕ್ಕೆ ಬೇಕಾಗುವ ಹೂಬತ್ತಿಗಳನ್ನು ಹೊಸೆದಿಡುತ್ತೇನೆ. ಆ ದಿನವೂ ಮಡಿಲಲ್ಲಿ ಹತ್ತಿ ಹರಡಿಕೊಂಡು, ಬೆರಳ ತುದಿಗೆ ಹಾಲು ಮುಟ್ಟಿಸಿಕೊಂಡು ಹೊಸೆಯುತ್ತಿದ್ದೆ. ಹತ್ತೂಕಾಲು ಆಗಿರಬೇಕು. ನನ್ನ ಕೈ ಒದ್ದೆಯೆಂದು ಮಗಳೇ ಫೋನ್ ಎತ್ತಿ ನನ್ನ ಕಿವಿಗೆ ಹಿಡಿದಳು. ಕೆಳಗಿನ ಮಹಡಿಯ ಮರಾಠಿ ಗೃಹಸ್ಥರು. ನನ್ನ ಗಂಡನ ಜೊತೆ ಭಾನುವಾರ ಸೈಕಲ್ ಹೊಡೆಯಲು ಹೋಗುವವರು.

“ವಹಿನಿ, ಅಣ್ಣಾ ಕುಠೆ ಗೇಲೆ?”

ಅತ್ತಿಗೆ, ಅಣ್ಣ ಎಲ್ಲಿಗೆ ಹೋಗಿದ್ದಾರೆ ಎಂದು ನನ್ನ ಗಂಡನ ಬಗ್ಗೆ ಕೇಳುತ್ತಿದ್ದರು. ಮಳೆ ಬರುವ ಹಾಗಿದ್ದದ್ದರಿಂದ ಗುಂಪಿನವರು ಯಾರೂ ಅವತ್ತು ಹೊರಟಿರಲಿಲ್ಲವಂತೆ. ಇವರೊಬ್ಬರೇ ಹೋಗಿದ್ದರು. ಈಗಷ್ಟೇ ಅವರಿಗೆ ಇವರ ಫೋನ್ ಬಂತು, “ಬಿದ್ದೆ, ಕಾಲು” ಎನ್ನುವಷ್ಟು ಕೇಳಿಸಿತು, ಕಡಿದುಹೋಯಿತು. ತಿರುಗಿ ಮಾಡಿದರೆ ಫೋನ್ ಬಂದ್.

“ಅಷ್ಟೇನೂ ದೂರ ಇಲ್ಲ ಅಂದಿದ್ದರು,” ಎಂದು ನನಗೆ ಬಂದ ಮರಾಠಿಯಲ್ಲಿ ಹೇಳಿದೆ.

“ದೂರ ನಾಹೀ ಮ್ಹಣಜೇ ಕುಠೆ, ವಹಿನಿ?”

ದೂರ ಇಲ್ಲ ಎಂದರೆ ಎಲ್ಲಿ?

ನಮ್ಮ ಕಡೆ ಮನೆಯಿಂದ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತೀರ ಕೇಳಲೇಬೇಕಾದರೆ “ದೂರವಾ?” ಎನ್ನಬೇಕು. ಮದುವೆಯಾಗಿ ಉಡುಪಿಯಿಂದ ಡೊಂಬಿವಲಿಗೆ ಬಂದ ಹೊಸತರಲ್ಲಿ ಒಂದು ದಿನ ಹೊಸ್ತಿಲು ದಾಟುತ್ತಿದ್ದ ಇವರನ್ನು ನಾನು ಬಾಯಿತಪ್ಪಿ ಎಲ್ಲಿಗೆ ಎಂದುಬಿಟ್ಟೆ. ಅತ್ತೆ ಇವರನ್ನು ಒಳಕ್ಕೆ ಕರೆದು, ಚಪ್ಪಲಿ ಬಿಡಿಸಿ, ಕೂರಿಸಿ, ಒಂದು ಲೋಟ ನೀರು ಕುಡಿಸಿ ಮತ್ತೆ ಹೊರಡಿಸಿದರು. ಇವರಿಗೆ ಫಾಸ್ಟ್ ಲೋಕಲ್ ರೈಲು ತಪ್ಪಿತು. “ಅಪ್ಪನ ಮನೇಲಿ ಇಷ್ಟೂ ಹೇಳಿ ಕೊಡ್ಲಿಲ್ವಾ?” ಎಂದು ಅತ್ತೆ ಕೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಮೇಲೆ ಇಪ್ಪತ್ತಾರು ವರ್ಷ ನಾನು ಆ ಶಬ್ದ ಎತ್ತಲಿಲ್ಲ.

ಇವರು ನೌಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೂತು ಸಕ್ಕರೆ ಕಾಯಿಲೆ ಬಂತು. ಮೈಗೆ ಕೆಲಸ ಕೊಡಿ ಎಂದರು ಡಾಕ್ಟರು. ನಾನು ಬೆಳಿಗ್ಗೆ ಇಬ್ಬರೂ ದೇವಸ್ಥಾನದ ತನಕ ನಡೆದು ಬರುವ ಎಂದೆ. ಇವರು ದಪ್ಪ ಚಕ್ರದ ಸೈಕಲ್ ತಂದರು. ಗುಡ್ಡ ಹತ್ತುವ ಸೈಕಲ್. ಅದನ್ನು ಮೂರನೆಯ ಮಹಡಿಗೆ ಹೆಗಲ ಮೇಲೆ ಹೊತ್ತು ತರುತ್ತಿದ್ದರು. ತರಕಾರಿ ಚೀಲ ಹಿಡಿದರೆ ಮಾತ್ರ ಭುಜ ನೋಯುತ್ತಿತ್ತು.

ಭಾನುವಾರದ ರಜೆ ಸೈಕಲಿನದಾಯಿತು. ಯೇವೂರಿನ ಕಾಡು, ಖಾರ್ಘರಿನ ಗುಡ್ಡ, ಕಲ್ಯಾಣದ ಹಿನ್ನೀರಿನ ಖಾಡಿಯ ಮೇಲಿನ ಕೋಟೆ, ಬೇಲಾಪುರದಲ್ಲಿ ಕಟ್ಟಡಗಳ ನಡುವೆ ಉಳಿದಿರುವ ಮುರುಕು ಬುರುಜು. ಇದೆಲ್ಲ ಇವರು ನನಗೆ ಹೇಳಿ ನಾನು ತಿಳಿದದ್ದಲ್ಲ. ಮನೆಯ ಗ್ಯಾಲರಿಯಲ್ಲಿ ಗೆಳೆಯರ ಜೊತೆ ಮಾತಾಡುವಾಗ ಚಾ ಕೊಡಲು ಹೋಗಿ ಕೇಳಿಸಿಕೊಂಡದ್ದು. ಸಾಗುವಾನಿ ಎಲೆಯ ಮೇಲೆ ಚಕ್ರ ಹೇಗೆ ಜಾರುತ್ತದೆ, ಕೋಟೆಗೋಡೆಯ ಕಲ್ಲುಗಳನ್ನು ಗಾರೆ ಇಲ್ಲದೆ ಹೇಗೆ ಕೂಡಿಸಿದ್ದಾರೆ ಎಂದು ಇವರು ಹೇಳುವಾಗ ಮುಖ ಬೇರೆಯೇ ಆಗುತ್ತಿತ್ತು. ಆ ಮುಖ ನಾನು ಟ್ರೇ ಹಿಡಿದು ನಿಂತೇ ನೋಡಿದ್ದು. ಅಂಬರನಾಥದ ಹಳೆಯ ಶಿವಾಲಯ ಒಂದು ಸಲ ತೋರಿಸಿ ಎಂದೆ, ಲೋಕಲಿನಲ್ಲಿ ಎಷ್ಟು ಹೊತ್ತಿನ ದಾರಿ? “ಅಲ್ಲಿ ಸೈಕಲ್ ಟ್ರೇಲ್ ಇಲ್ಲ” ಎಂದರು. ಇವರ ಫೋನಿನಲ್ಲಿ ಕೋಟೆಯ ಬಾಗಿಲಿಗೆ, ಮಂಟಪದ ಕಂಬಕ್ಕೆ, ಆಲದ ಬೇರಿಗೆ ಒರಗಿಸಿದ ಸೈಕಲಿನ ಚಿತ್ರಗಳು ತುಂಬಿದ್ದವು. ಹೆಂಡತಿಯ ಚಿತ್ರ ಹುಡುಕಬೇಕಿತ್ತು.

ಆ ಭಾನುವಾರ ಬೆಳಿಗ್ಗೆ “ಬರ್ತೇನೆ” ಎಂದರು. “ದೂರವಾ?” ಎಂದೆ. “ಅಷ್ಟೇನೂ ದೂರ ಇಲ್ಲ” ಎಂದರು. ನಾನು ಬಾಗಿಲು ಹಾಕಿಕೊಂಡೆ.

ಫೋನ್ ಬಂದ ಮೇಲೆ ಮಗಳು ತನ್ನ ಮೊಬೈಲ್ ಒತ್ತಿ ಒತ್ತಿ ನೋಡಿದಳು. “ಪಪ್ಪಾ ಕಾ ಲೊಕೇಶನ್ ಹೀ ಬಂದ್ ಹೈ, ಮಮ್ಮಿ. ತುಮ್ನೆ ಪೂಛಾ ಕ್ಯೂಂ ನಹೀ?” ಅವಳು ಇಲ್ಲೇ ಹುಟ್ಟಿ ಬೆಳೆದವಳು. ಯಾಕೆ ಕೇಳಲಿಲ್ಲ ಎಂದು ಅವಳಿಗೆ ಆ ಹೊತ್ತಿನಲ್ಲಿ ನಾನು ಯಾವ ಭಾಷೆಯಲ್ಲಿ ಹೇಳಲಿ?

ಕೆಳಗಿನ ಮಹಡಿಯವರು ಒಬ್ಬನನ್ನು ಪೊಲೀಸ್ ಠಾಣೆಗೆ ಕಳಿಸಿ, ತಾವು ನಾಲ್ಕು ಜನರನ್ನು ಕಟ್ಟಿಕೊಂಡು ಯೇವೂರಿಗೆ ಹೊರಟರು. ಇವರಿಗೆ ಅದೇ ಹೆಚ್ಚು ಪ್ರೀತಿಯ ಕಾಡು ಎಂದು ಅವರ ಲೆಕ್ಕ. ನಾನು ದೇವರ ಮುಂದೆ ದೀಪ ಹಚ್ಚಿ ಕೂತೆ. ಅತ್ತೆ ಮಂಚದ ಮೇಲೆ ಕೂತು ಜಪಮಾಲೆ ಎಣಿಸುತ್ತಿದ್ದರು. ಹನ್ನೆರಡಾಯಿತು. ಯೇವೂರಿನಲ್ಲಿ ಇಲ್ಲ ಎಂದು ಫೋನ್ ಬಂತು. ಇನ್ನು ಯಾವ ಕಡೆ ಎಂದು ಅವರು ಮತ್ತೆ ನನ್ನನ್ನೇ ಕೇಳಿದರು.

ಒಂದು ಗಂಟೆಯ ಹೊತ್ತಿಗೆ ಹನಿ ಬಿತ್ತು. ಮೈಮರೆತಿದ್ದರೂ ಕೈಗೆ ಅಭ್ಯಾಸ, ಬಟ್ಟೆ ತೆಗೆಯಲು ಗ್ಯಾಲರಿಗೆ ಹೋದೆ. ಹಿಂದಿನ ಭಾನುವಾರ ಇವರು ಹಾಕಿಕೊಂಡು ಹೋಗಿದ್ದ ಅಂಗಿ ಹಗ್ಗದ ಮೇಲಿತ್ತು. ಅದರ ಎಡಭುಜದಲ್ಲಿ ಒಂದು ಕೇಸರಿ ಕಲೆ. ದೇವರ ಕಲ್ಲಿಗೆ ಹಚ್ಚುವ ಸಿಂಧೂರ, ಎಣ್ಣೆ ಕಲಸಿದ್ದು. ಮೂರು ಸಲ ಒಗೆದಿದ್ದೆ, ನಿಂಬೆಹುಳಿ ಹಾಕಿ ಉಜ್ಜಿದ್ದೆ, ಹೋಗಿರಲಿಲ್ಲ. ಮನೆಯಲ್ಲಿ ಮಂಗಳಾರತಿಗೆ ಏಳದ ಮನುಷ್ಯ ಯಾವ ಕಾಡಿನಲ್ಲಿ ಯಾವ ದೇವರಿಗೆ ಒರಗಿದರೋ ಎಂದು ಒಗೆಯುವಾಗ ಮನಸ್ಸಿನಲ್ಲೇ ಬೈದಿದ್ದೆ.

ಕೆಳಗಿನ ಮಹಡಿಯವರಿಗೆ ಫೋನ್ ಮಾಡಿದೆ. “ಅಂಗಿಯ ಭುಜಕ್ಕೆ ಶೆಂದೂರ ಮೆತ್ತುವ ಜಾಗ ಯಾವುದು?”

“ಬುರುಜಾಖಾಲಚಾ ಮಾರುತಿ,” ಎಂದರು ಅವರು. ಮಲಂಗಗಡದ ಕಡೆಯ ಕಾಡಿನಲ್ಲಿ ಒಂದು ಬಿದ್ದುಹೋದ ಕಾವಲು ಬುರುಜಿನ ಬುಡದಲ್ಲಿ ಮಾರುತಿಯ ಕಲ್ಲು. ಅಲ್ಲಿ ದಾರಿ ಎಷ್ಟು ಕಿರಿದೆಂದರೆ ಸೈಕಲ್ ದೂಡಿಕೊಂಡು ಹೋಗುವವನ ಭುಜ ದೇವರಿಗೆ ತಾಗಿಯೇ ತಾಗುತ್ತದೆ. ಹಿಂದಿನ ವಾರ ಮಳೆಗೆ ಹೆದರಿ ಎಲ್ಲರೂ ಅಲ್ಲಿಂದಲೇ ಹಿಂದೆ ಬಂದಿದ್ದರಂತೆ. ಮೇಲಿನ ಸುತ್ತು ಬಾಕಿ ಉಳಿಯಿತು ಎಂದು ಇವರು ಗೊಣಗಿದ್ದರಂತೆ. ಆ ದಾರಿಗೆ ಒಬ್ಬರೇ ಹೋದಾರು ಎಂದು ಅವರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲವಂತೆ.

ಮೂರು ಗಂಟೆಗೆ ಸಿಕ್ಕಿದರು. ಮಾರುತಿಯಿಂದ ನಲವತ್ತು ಹೆಜ್ಜೆ ಆಚೆ, ಒಂದು ತೊರೆಯ ಕಲ್ಲುಗಳ ನಡುವೆ. ಫೋನ್ ನೀರಿನಲ್ಲಿ ಬಿದ್ದಿತ್ತು. ಹಳ್ಳಿಯವರು ಕಂಬಳಿಯ ಜೋಲಿ ಕಟ್ಟಿ ರಸ್ತೆಗೆ ಹೊತ್ತು ತಂದರು. ಹೆಲ್ಮೆಟ್ ಎರಡು ಹೋಳಾಗಿತ್ತು, ತಲೆ ಉಳಿದಿತ್ತು. ತೊರೆಯಲ್ಲಿ ನೀರು ಏರಲಿಲ್ಲ. ಇಷ್ಟಕ್ಕೆ ನಾನು ದಿನವೂ ಕೈಮುಗಿಯುತ್ತೇನೆ. ಏಳು ದಿನ ಮೊದಲೇ ದೇವರು ನಮ್ಮ ಹಗ್ಗದ ಮೇಲೆ ವಿಳಾಸ ಬರೆದಿಟ್ಟಿದ್ದ. ನಾನು ಅದನ್ನು ನಿಂಬೆಹುಳಿ ಹಾಕಿ ಅಳಿಸುತ್ತಿದ್ದೆ. ಅವನು ಅಳಿಸಲು ಬಿಡಲಿಲ್ಲ.

ಕಾಲಿನ ಎಲುಬು ಚರ್ಮ ಹರಿದು ಹೊರಬಂದಿತ್ತು. ಐದು ಗಂಟೆ ಕೆಸರು ನೀರಿನಲ್ಲಿ ಇದ್ದದ್ದಕ್ಕೆ ಗಾಯ ಕೀವಾಯಿತು. ಒಂದರ ಮೇಲೊಂದು ಆಪರೇಷನ್. ಬೇಗ ತಂದಿದ್ದರೆ ಎಂದು ಡಾಕ್ಟರು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಪಾದ ಈಗ ಮಡಚುವುದಿಲ್ಲ. ಇನ್ನು ಮಡಚುವುದೂ ಇಲ್ಲ.

ಅವರು ನಿಲ್ಲಿಸಿದ ಮಾತನ್ನು ಉಳಿದವರೆಲ್ಲ ಮುಂದುವರಿಸಿದರು. ಮಂಗಳೂರು ಕಡೆಯ ನೆಂಟರೊಬ್ಬರು ಸೇಬುಹಣ್ಣು ಇಟ್ಟು ಹೇಳಿದರು: “ಈಗಿನ ಕಾಲದಲ್ಲಿ ಗಂಡ ಎಲ್ಲಿದ್ದಾನೆ ಅಂತ ಗೊತ್ತಿಲ್ಲದ ಹೆಂಡತಿ ಉಂಟಾ?” ಇವರು ಮಲಗಿದಲ್ಲಿಂದ, “ಇವಳಿಗೆ ಗೊತ್ತಿರ್ಲಿಲ್ಲ, ಪಾಪ” ಎಂದರು. ಆ ಪಾಪ ಶಬ್ದವನ್ನು ನಾನು ಇನ್ನೂ ನುಂಗಿಲ್ಲ.

ನೆಂಟರು ಹೋದ ಮೇಲೆ ಇವರನ್ನೇ ಕೇಳಿದೆ: “ನೀವಾದರೂ ಒಂದು ಮಾತು ಹೇಳಬಹುದಿತ್ತಲ್ಲ?”

“ನೀನು ಕೇಳ್ಲಿಲ್ಲ.”

ಮನೆಗೆ ಬಂದರೆ ಅತ್ತೆ. “ಗಂಡ ಎಲ್ಲಿಗೆ ಹೋಗ್ತಾನೆ ಅಂತ ಕೇಳ್ಲಿಕ್ಕೆ ಬಾಯಿ ಇರ್ಲಿಲ್ವಾ ನಿಂಗೆ?”

“ನೀವೇ ಅಲ್ವಾ ಅತ್ತೆ, ಕೇಳ್ಬಾರ್ದು ಅಂದದ್ದು?”

“ಹೊರಡುವಾಗ ಕೇಳ್ಬಾರ್ದು ಅಂದದ್ದು ಮಾರಾಯ್ತಿ. ಮೊನ್ನೆಯೇ ಕೇಳಿ ಇಟ್ಕೊಳ್ಬಹುದಿತ್ತು.”

ಅಂಗಿಯ ಸುದ್ದಿ ಯಾರೂ ಎತ್ತಲಿಲ್ಲ. ನಾನೇ ಒಮ್ಮೆ ಎತ್ತಿದಾಗ ಇವರು, “ಅದು ಕೆಳಗಿನವನಿಗೆ ಹೇಗೂ ಹೊಳೀತಿತ್ತು” ಎಂದು ಗೋಡೆಯ ಕಡೆ ತಿರುಗಿದರು. ಕೆಳಗಿನ ಮಹಡಿಯವರು ಮಾತ್ರ ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಮಾರುತಿಗೆ ನನ್ನ ಲೆಕ್ಕದಲ್ಲಿ ಒಂದು ತೆಂಗಿನಕಾಯಿ ಒಡೆದು, ಅರ್ಧ ಹೋಳು ತಂದುಕೊಟ್ಟರು. ಅದೂ ಒಂದು ಇದೆ, ಮರೆತರೆ ತಪ್ಪಾಗುತ್ತದೆ. ಸೈಕಲ್ ಗ್ಯಾಲರಿಯಲ್ಲೇ ಇದೆ. ಚಕ್ರದಲ್ಲಿ ಗಾಳಿಯಿಲ್ಲ. ಅದರ ಹ್ಯಾಂಡಲಿನ ಮೇಲೆ ಒರೆಸುವ ಬಟ್ಟೆ ಒಣಗಿಸುತ್ತೇನೆ.

ಇವತ್ತು ಬೆಳಿಗ್ಗೆ ಇವರು ಕೋಲು ಹಿಡಿದು ಬಾಗಿಲ ತನಕ ಹೋಗಿ, “ಬರ್ತೇನೆ” ಎಂದರು.

“ಎಲ್ಲಿಗೆ?” ಎಂದೆ. ಬಾಯಿತಪ್ಪಿ ಅಲ್ಲ.

ಒಳಗಿನಿಂದ ಅತ್ತೆ, “ಹೊರಟವನ ಬೆನ್ನಿಗೆ ಕೇಳ್ತಾಳಲ್ಲ ಇವಳು. ಬಾ ಮಗ, ಕೂತ್ಕೋ, ನೀರು ಕುಡ್ದು ಹೋಗು” ಎಂದರು.

ಇವರು ತಿರುಗಿ ಬಂದರು. ಆ ಪಾದದಿಂದ ಚಪ್ಪಲಿ ಬಿಡಲು ಹೊತ್ತು ಹಿಡಿಯುತ್ತದೆ. ಕೂತರು. ನೀರು ತಂದುಕೊಟ್ಟೆ. ಕುಡಿಯುವ ತನಕ ಎದುರೇ ನಿಂತಿದ್ದೆ.

ಖಾಲಿ ಲೋಟ ನನ್ನ ಕೈಗೆ ಕೊಡುತ್ತ, “ಅಷ್ಟೇನೂ ದೂರ ಇಲ್ಲ” ಎಂದರು.

ಒಲೆಯ ಮೇಲೆ ಕುಚ್ಚಲಕ್ಕಿ ಬೆಂದಿತ್ತು. ಲೋಟ ತೊಳೆದಿಟ್ಟು, ಗಂಜಿ ಬಸಿಯಲು ಪಾತ್ರೆ ಇಳಿಸಿದೆ.