ಕೆರೆಯ ದಂಡೆಯಲ್ಲಿ ಬಿಟ್ಟ ಚಪ್ಪಲಿ

ಮಾರ್ಚ್ ತಿಂಗಳ ಬಿಸಿಲನ್ನು ನಂಬಿ ನಾನು ಇಂದಿಗೂ ಒಗೆದ ಬಟ್ಟೆ ಹೊರಗೆ ಹಾಕುವುದಿಲ್ಲ. ನಮ್ಮ ಮನೆ ಇದ್ದದ್ದು ಲಂಡನ್ನಿನ ಅಂಚಿನಲ್ಲಿ, ಅಕ್ಸ್‌ಬ್ರಿಡ್ಜ್‌ನಿಂದ ಬಸ್ಸಿನಲ್ಲಿ ಬರುವಷ್ಟು ದೂರ. ಹಿಂದಿನ ರಸ್ತೆ ದಾಟಿದರೆ ಕಾಡು, ಕಾಡಿನ ನಡುವೆ ದೊಡ್ಡದೊಂದು ಕೆರೆ. ಚಳಿಗಾಲ ಮುಗಿಯುವ ಆ ದಿನಗಳಲ್ಲಿ ಮುಂಜಾನೆ ಕಂಡ ಆಕಾಶ ಮಧ್ಯಾಹ್ನಕ್ಕೆ ಇರುವುದಿಲ್ಲವೆಂದು ಕೆರೆಯ ಸುತ್ತಲಿನವರಿಗೆಲ್ಲ ಗೊತ್ತು. ಪಕ್ಕದ ಮನೆಯ ಅಜ್ಜಿ ಬಿಸಿಲಿದ್ದಾಗಲೇ ಕೊಡೆ ಹಿಡಿದು ಹೊರಡುತ್ತಿದ್ದರು.

ಗೊತ್ತಿಲ್ಲದವರೆಂದರೆ ನಮ್ಮ ಅತ್ತೆ. ತೊಂಬತ್ತರ ದಶಕದ ಕೊನೆಯ ಆ ಚಳಿಗಾಲದಲ್ಲಿ ನನ್ನ ಪುಟ್ಟ ಮಗಳು ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದಳು. ಸುದ್ದಿ ಕೇಳಿ ಅತ್ತೆ ಧಾರವಾಡದಿಂದ ಓಡಿಬಂದಿದ್ದರು. ರಾಯರ ದಯೆಯಿಂದ ಹುಡುಗಿ ಗುಣವಾಗಿ ಶಾಲೆಗೂ ಹೋಗತೊಡಗಿದಳು. ಅತ್ತೆ ಮಾತ್ರ ಹೀಟರಿನ ಪಕ್ಕ ಕುಳಿತು ಬಿಸಿಲಿನ ದಾರಿ ಕಾಯುತ್ತಿದ್ದರು.

ಒಂದು ಮುಂಜಾನೆ ಆಕಾಶ ತೊಳೆದಿಟ್ಟಂತೆ ನೀಲಿಯಾಗಿತ್ತು.

"ನೋಡ, ಹಪ್ಪಳಾ ಒಣಗಸೂ ಬಿಸಲು!" ಎಂದರು ಅತ್ತೆ.

ವಿಮಾನ ನಿಲ್ದಾಣದ ಕೆಲಸಕ್ಕೆ ಹೊರಟಿದ್ದ ನನ್ನ ಗಂಡ ಬೂಟಿನ ಲೇಸು ಕಟ್ಟುತ್ತಾ, "ಅವ್ವಾ, ಇಲ್ಲಿ ಬಿಸಲು ಬರೇ ನೋಡಲಿಕ್ಕೆ. ಮೈ ಬೆಚ್ಚಗ ಆಗೂದಿಲ್ಲ" ಎಂದು ನಕ್ಕರು.

"ಅಜ್ಜಿ, ಇಟ್ಸ್ ಫ್ರೀಜಿಂಗ್!" ಎಂದಳು ಮಗಳು.

ಮಗಳನ್ನು ಶಾಲೆಗೆ ಬಿಟ್ಟು ನಾನು ಜೋಳದ ಹಿಟ್ಟು ತರಲು ರೇನರ್ಸ್ ಲೇನ್‌ನ ಭಾರತೀಯ ಅಂಗಡಿಗೆ ಹೋದೆ. ಮರಳಿ ಬರುವಾಗ ಬಸ್ಸಿನ ಗಾಜಿಗೆ ಆಲಿಕಲ್ಲು ಬಡಿಯತೊಡಗಿತು. ಮನೆ ಮುಟ್ಟುವ ಹೊತ್ತಿಗೆ ಅದು ಹಿಮವಾಗಿತ್ತು. ಬಾಗಿಲು ತೆರೆದು ಕೂಗಿದರೆ ಉತ್ತರವಿಲ್ಲ. ಅತ್ತೆಯ ಕೋಟು ಗೂಟದಲ್ಲೇ ಇತ್ತು. ದೇವರ ಮುಂದಿನ ಅರಿಷಿಣ ಕುಂಕುಮದ ಬಟ್ಟಲು ಇರಲಿಲ್ಲ. ಕೆರೆ ಕಂಡಾಗಲೆಲ್ಲ ಗಂಗಾಮಾಯಿ ಎಂದು ಕೈ ಮುಗಿಯುವವರು, ಅಲ್ಲಿಗೇ ಹೋಗಿರಬೇಕು. ಅವರ ಕೋಟು ಬಗಲಲ್ಲಿ ಹಿಡಿದು ಓಡಿದೆ.

ನೀರಿಗೆ ಇಳಿಯುವ ಮೆಟ್ಟಿಲ ಬಳಿ ಅತ್ತೆಯ ಚಪ್ಪಲಿ ಕಂಡವು. ಜೋಡಿಸಿ ಇಟ್ಟಿದ್ದವು, ಒಳಗೆ ಹಿಮ ಬಿದ್ದಿತ್ತು. ಪಕ್ಕದ ಕಲ್ಲಿಗೆ ಏರಿಸಿದ ಕುಂಕುಮ ಕರಗಿ ನೀರಿನತ್ತ ಹರಿದಿತ್ತು. ಬೊಗಸೆ ನೀರು ಮೊಗೆಯಲು ಬಾಗಿ ಜಾರಿಬಿಟ್ಟರೇ? ಮೆಟ್ಟಿಲ ತುದಿಗೆ ಹೋಗಿ ನೀರಿನೊಳಗೆ ಬಾಗಿ ನೋಡಿದೆ. ನಾಯಿ ಹಿಡಿದು ಬಂದ ಒಬ್ಬ ಗಂಡಸು, "ಯೂ ಆಲ್‌ರೈಟ್, ಲವ್?" ಎಂದ. ನಾನು ಚಪ್ಪಲಿ ತೋರಿಸಿದೆ. ಅವನ ಮುಖವೂ ಬಿಳುಪೇರಿತು. ಪೊಲೀಸರಿಗೆ ಫೋನು ಮಾಡಿ ಬರುತ್ತೇನೆಂದು ತಿರುಗಿದ.

"ರಾಯರೇ" ಎಂದು ಕೈ ಮುಗಿದು ತಲೆ ತಗ್ಗಿಸಿದೆ. ಆಗಲೇ ಕಂಡದ್ದು. ದಂಡೆಯ ದಾರಿಯಲ್ಲಿ, ಮರಗಳಡಿಯ ತೆಳು ಹಿಮದ ಮೇಲೆ ಬರಿಗಾಲಿನ ಗುರುತು, ಬೆರಳುಗಳ ಸಮೇತ. ಅವು ನೀರಿಗೆ ಇಳಿದಿರಲಿಲ್ಲ, ಕೆರೆಯನ್ನು ಬಲಕ್ಕಿಟ್ಟುಕೊಂಡು ಮುಂದೆ ಹೋಗಿದ್ದವು. ಈ ಹಿಮದಲ್ಲಿ ಬರಿಗಾಲಿನಲ್ಲಿ, ಅದೂ ಬಲಕ್ಕೆ ಸುತ್ತು ಬರುವವರು ಇನ್ನಾರಿದ್ದಾರೆ? ಪ್ರದಕ್ಷಿಣೆ! ನಾಯಿಯವನನ್ನು ಕೂಗಿ ನಿಲ್ಲಿಸಿದೆ. ಇಬ್ಬರೂ ಗುರುತು ಹಿಡಿದು ನಡೆದೆವು.

ಆಚೆ ದಂಡೆಯಲ್ಲಿ ದೋಣಿ ಇಡುವ ಶೆಡ್ಡು. ಒಳಗೆ ಹೀಟರಿನ ಮುಂದೆ ಅತ್ತೆ ಕುಳಿತಿದ್ದರು, ಕಾಲಿಗೆ ಕೆಂಪು ಉಣ್ಣೆಯ ಕಾಲುಚೀಲ, ಕೈಯಲ್ಲಿ ಚಹಾದ ಮಗ್ಗು. ದೋಣಿಗೆ ಬಣ್ಣ ಬಳಿಯುತ್ತಿದ್ದ ಹೆಂಗಸು ಅವರನ್ನು ಕರೆದು, ತನ್ನ ಕಾಲುಚೀಲ ತೊಡಿಸಿ ಕೂರಿಸಿದ್ದಳು.

"ಬಂದ್ಯಾ? ಈಕಿ ಭಾಳ ಛಲೋ ಹೆಣ್ಮಗಳು ನೋಡು" ಎಂದರು ಅತ್ತೆ.

ನನಗೆ ಅಳು, ಸಿಟ್ಟು ಎರಡೂ ಬಂದವು. "ಅತ್ತೀ, ನೀರಿನ ದಂಡ್ಯಾಗ ನಿಮ್ಮ ಚಪ್ಪಲಿ ನೋಡಿ ನನ್ನ ಜೀವಾನ ಹೋಗಿತ್ತರೀ!"

"ಚಪ್ಪಲಿ ಹಾಕ್ಕೊಂಡು ಯಾರರೆ ಪ್ರದಕ್ಷಿಣಿ ಹಾಕ್ತಾರೇನ? ಕೂಸು ದವಾಖಾನ್ಯಾಗ ಇದ್ದಾಗ ಬೇಡ್ಕೊಂಡಿದ್ದೆ. ಗುಡಿ ದೂರ, ಗಂಗಾಮಾಯಿ ಹಿತ್ತಲದಾಗ ಇದ್ದಾಳ. ಹೊಂಡೂ ಮುಂದ ಬಿಸಲು ಇತ್ತವಾ. ಹಿಂಗ ಮಾಡ್ತದಂತ ನನಗೇನ ಗೊತ್ತು?"

ನಾಯಿಯವನು ಏನೂ ತಿಳಿಯದೆ ಟೊಪ್ಪಿಗೆ ತೆಗೆದು ನಕ್ಕ. ಬಣ್ಣ ಬಳಿಯುತ್ತಿದ್ದ ಹೆಂಗಸು, ಚಹಾ ಚೆನ್ನಾಗಿಲ್ಲವೇ, ಒಂದು ಗುಟುಕೂ ಕುಡಿದಿಲ್ಲ ಎಂದು ನನ್ನನ್ನು ಕೇಳಿದಳು.

"ಸುತ್ತು ಮುಗಿಯೂತನಾ ಬಾಯಾಗ ಏನೂ ಹಾಕೂದಿಲ್ಲ. ಕೈ ಬೆಚ್ಚಗ ಮಾಡ್ಕೊಳ್ಳಿಕ್ಕೆ ಹಿಡದೀನಿ. ಆಕಿಗೆ ತಿಳಸಿ ಹೇಳು, ಪಾಪ."

ತಿಳಿಸಿದೆ. ಅವಳು ಎದೆಯ ಮೇಲೆ ಕೈಯಿಟ್ಟು, ಹಾಗಾದರೆ ಮುಗಿಸಿ ಬನ್ನಿ, ಬೇರೆ ಚಹಾ ಮಾಡುತ್ತೇನೆ ಎಂದಳು. ಅತ್ತೆ ಎದ್ದರು. ಈ ಕಾಲಿನಲ್ಲಿ ಇನ್ನು ನಡೆಯಬೇಡಿ ಎಂದು ನಾನು ಬೇಡಿಕೊಂಡೆ.

"ಕಾಲಿಗೇನಾಗೇದ? ಇದು ಚರ್ಮಲ್ಲ, ಉಣ್ಣಿ. ಧಾಬಳಿ ಇದ್ದಂಗ, ಮಡಿ. ನಡೀತದ."

ಕೋಟು ಮಾತ್ರ ತಕರಾರಿಲ್ಲದೆ ಹಾಕಿಕೊಂಡರು. ಹೊರಗೆ ಬಂದರೆ ಹಿಮ ನಿಂತು ಮತ್ತೆ ಬಿಸಿಲು, ಏನೂ ನಡೆದೇ ಇಲ್ಲವೆಂಬಂತೆ. ಉಳಿದ ಸುತ್ತನ್ನು ಇಬ್ಬರೂ ಕೂಡಿ ಮುಗಿಸಿದೆವು. ಕುಂಕುಮದ ಕಲ್ಲಿನ ಮುಂದೆ ಅತ್ತೆ ಕೈ ಮುಗಿದರು. ನಾನು ನೀರಿನ ಕಡೆ ನೋಡಲಾರದೆ ಅವರ ಬೆನ್ನಿಗೇ ಕೈ ಮುಗಿದೆ.

ಚಪ್ಪಲಿಯೊಳಗಿನ ಹಿಮ ಕೊಡವಿ ಮುಂದಿಟ್ಟರೆ, "ತಣ್ಣಗವ, ನೀನ ಹಿಡಕೋ" ಎಂದು ಶೆಡ್ಡಿನ ಚಹಾದ ಕಡೆ ಹೊರಟೇಬಿಟ್ಟರು. ಕಾಲುಚೀಲಗಳು ಕೆಸರಿನಲ್ಲಿ ಪಚಪಚ ಎನ್ನುತ್ತಿದ್ದವು. ಒದ್ದೆ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು, ಅವುಗಳ ಒಡತಿ ಮುಂದೆ ಮುಂದೆ ನಡೆಯುವುದನ್ನು ನೋಡುತ್ತಾ ಹಿಂದೆ ಹೋದೆ.

"ಲಗೂನ ಬಾರವಾ" ಎಂದರು ಅತ್ತೆ ತಿರುಗಿ ನೋಡದೆ. "ಚಹಾ ಕುಡದು, ಕೂಸಿನ ಸಾಲಿ ಬಿಡೂದರಾಗ ಹೋಗಬೇಕು."