ಆವತ್ತು ಡ್ರಿಲ್ ಇರಲಿಲ್ಲ

ಜಯಮ್ಮ, ನಿಮ್ಮ ನೆನಪು ತಪ್ಪಿರಲಿಲ್ಲ. ಆ ದಿನ ಟೀ ಆದಮೇಲೆ ಡ್ರಿಲ್ ಇದೆ, ಸುನಂದಾ ಡ್ರಮ್ ರೂಮಿನ ಬಾಗಿಲಲ್ಲಿ ಬೀಳುತ್ತಾಳೆ, ಯಾರೂ ಗಾಬರಿಯಾಗಬೇಡಿ ಎಂದು ನಿಮ್ಮೆಲ್ಲರಿಗೂ ಹೇಳಿದವನು ನಾನೇ. ಆಮೇಲೆ, ಹಾಗೆ ಹೇಳಿಯೇ ಇಲ್ಲ ಎಂದವನೂ ನಾನೇ. ಇಷ್ಟು ಸಣ್ಣ ಮಾತನ್ನು ಒಪ್ಪಿಕೊಳ್ಳಲು ಇಷ್ಟು ವರ್ಷ ಹಿಡಿಯಿತು ನನಗೆ — ನಾಚಿಕೆಗೆಟ್ಟವನು, ಬೇರೆ ಏನೆಂದುಕೊಳ್ಳಲಿ?

ನಿಮ್ಮೊಬ್ಬರಿಗೇ ಗುಟ್ಟಾಗಿ ಹೇಳಿದರೆ ಸಾಲದು. ನಿಮ್ಮನ್ನು ಆಡಿಕೊಂಡವರೂ ಕೇಳಬೇಕು. ಅದಕ್ಕೇ, ನಿಮಗೆ ಗೊತ್ತಿರುವುದನ್ನೂ ಸೇರಿಸಿ, ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಮೊದಲಿನಿಂದ ಹೇಳುತ್ತೇನೆ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ, ಬಣ್ಣಕ್ಕೆ ಬೆರೆಸುವ ಥಿನ್ನರ್ ತಯಾರಿಸುವ ಕಾರ್ಖಾನೆ ನಮ್ಮದು. ನಾನು ಅಲ್ಲಿ ಸೇಫ್ಟಿ ಆಫೀಸರ್. ಬೆಂಕಿ ಬಿದ್ದರೆ, ವಿಷಗಾಳಿ ತುಂಬಿದರೆ ಜನ ಹೇಗೆ ಹೊರಗೆ ಬರಬೇಕು, ಬಿದ್ದವರನ್ನು ಹೇಗೆ ಎತ್ತಬೇಕು ಎಂದು ಅಣಕು ಅಭ್ಯಾಸ, ಅಂದರೆ ಡ್ರಿಲ್, ಮಾಡಿಸುವುದು ನನ್ನ ಕೆಲಸ. ನೀವೆಲ್ಲ ಅದನ್ನು ‘ಸುಳ್‌ಬೆಂಕಿ’ ಎಂದು ಕರೆದು ನಗುತ್ತಿದ್ದಿರಿ. ನಿಯಮದ ಪ್ರಕಾರ ಅದನ್ನು ಯಾರಿಗೂ ಮೊದಲೇ ಹೇಳಬಾರದು. ನಾನು ಹೇಳಿಬಿಡುತ್ತಿದ್ದೆ. ಹೇಳದೆ ಮಾಡಿದರೆ ಜನ ದಿಕ್ಕಾಪಾಲಾಗಿ ಓಡುತ್ತಿದ್ದರು, ಚಪ್ಪಲಿ ಎಲ್ಲೋ, ಸೆರಗು ಎಲ್ಲೋ, ಕೆಲಸ ನಿಂತಿದ್ದಕ್ಕೆ ಮ್ಯಾನೇಜರ್ ಮುಖ ಗಂಟು. ಹೇಳಿ ಮಾಡಿದರೆ ಎಲ್ಲರೂ ಹೊಂಗೆ ಮರದ ಕೆಳಗೆ ಚೆಂದವಾಗಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಮೇಲಿನವರು ನನ್ನ ಬೆನ್ನು ತಟ್ಟುತ್ತಿದ್ದರು, ನನಗೂ ಅದು ಹಿತವಾಗಿತ್ತು.

ಇನ್ನೊಂದು ತಪ್ಪು ಇದಕ್ಕಿಂತ ಹಳೆಯದು. ಪ್ರತಿ ಡ್ರಿಲ್ಲಿಗೂ ಯಾರಾದರೊಬ್ಬರು ಪ್ರಜ್ಞೆ ತಪ್ಪಿದವರಂತೆ, ಸತ್ತವರಂತೆ ಬಿದ್ದುಕೊಳ್ಳಬೇಕು. ಯಾರು ಒಪ್ಪುತ್ತಾರೆ? “ಬುಡ್ತು ಅನ್ನಿ ಸಾ, ಒಳ್ಳೆ ಮಾತಾಡಿ” ಎನ್ನುತ್ತಿದ್ದರು. ಅಪಶಕುನದ ಮಾತು ಬಾಯಿಂದ ಬಿದ್ದರೆ ಬಿಡ್ತು ಎಂದು ಅದನ್ನು ಅಲ್ಲಿಗೇ ಕಳಚಿಬಿಡಬೇಕಲ್ಲ ನಮ್ಮಲ್ಲಿ. ಸುನಂದಾ ಮಾತ್ರ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. “ನಮ್ಮನೇಲಿ ಬುದ್ಧನ ಫೋಟೊ ಅದೆ ಕಣ್ ಸಾ, ನಮ್ಗ್ಯಾವ ಶಕ್ನ? ನಾನ್ ಬೀಳ್ತೀನಿ. ಎತ್ಕೊಂಡ್ ಓಗೋರು ಮಾತ್ರ ಬೀಳಿಸ್ಬಾರ್ದು” ಎಂದು ಎಲ್ಲರನ್ನೂ ನಗಿಸಿದಳು. ಅವತ್ತಿನಿಂದ ಹೆಣವಾಗುವುದು ಅವಳ ಪಾಲಿನ ಕೆಲಸವಾಯಿತು. ಅವಳ ಧೈರ್ಯ ಅದು, ನಿಜ. ಆದರೆ ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಸುತ್ತೂರಿನ ಕಡೆಯವನು — ಆ ಕಾರ್ಖಾನೆಯಲ್ಲಿ ನಮ್ಮ ಪೈಕಿಯವರೂ ಬೇಕಾದಷ್ಟು ಜನ ಇದ್ದರು. ಅವರಲ್ಲಿ ಒಬ್ಬರನ್ನೂ ನಾನು ಎರಡನೇ ಸಲ ಕೇಳಲಿಲ್ಲ. ದೇವನೂರಿನ ಕೇರಿಯ ಹುಡುಗಿ ಬೀಳುತ್ತಾಳೆ, ಬೀಳಲಿ ಬಿಡು... ಅಷ್ಟೇ ಅಂದುಕೊಂಡೆ. ಏನೂ ಅನ್ನಿಸಲಿಲ್ಲ ನನಗೆ.

ಆ ದಿನ ಡ್ರಿಲ್ ಇತ್ತು. ಬೆಳಿಗ್ಗೆಯೇ ನಿಮ್ಮ ಸೆಕ್ಷನ್ನಿಗೆ ಬಂದು ಎಲ್ಲರಿಗೂ ಹೇಳಿ ಹೋದೆ. ಆಮೇಲೆ ಹೊರಗಿನಿಂದ ಯಾರೋ ದೊಡ್ಡ ಗಿರಾಕಿಗಳು ಬರುತ್ತಾರೆ, ಇವತ್ತು ಆ ಗದ್ದಲ ಬೇಡ ಎಂದು ಮ್ಯಾನೇಜರ್ ನಿಲ್ಲಿಸಿಬಿಟ್ಟರು. ದಾರಿಯಲ್ಲಿ ಸುನಂದಾ ಎದುರಾದಳು. “ಇವತ್ತು ಬೇಡ ಕಣಮ್ಮ, ಇನ್ನೊಂದು ದಿನ” ಎಂದೆ. ಅವಳೇ ನಿಮಗೆಲ್ಲ ಹೇಳುತ್ತಾಳೆ ಎಂದುಕೊಂಡೆ. ನಿಮ್ಮ ಸೆಕ್ಷನ್ ಅಲ್ಲೇ, ಗೋಡೆಯ ಆಚೆ ಇತ್ತು. ಹೋಗಿ ಹೇಳಬಹುದಿತ್ತು — ಹೋಗಲಿಲ್ಲ, ಗಿರಾಕಿಗಳಿಗೆ ಹಲ್ಲುಕಿರಿಯಲು ಹೋದೆ.

ಥಿನ್ನರ್ ಡ್ರಮ್ಮುಗಳನ್ನು ಇಡುವ ಆ ಡ್ರಮ್ ರೂಮಿನ ಫ್ಯಾನ್ ಕೆಟ್ಟು ನಿಂತಿತ್ತು, ಒಳಗೆಲ್ಲ ಅದರ ಆವಿ. ನಿಮಗೆ ಹೇಳುವ ಮೊದಲೇ, ಚೆಲ್ಲಿದ ಥಿನ್ನರ್ ಒರೆಸಲು ಸುನಂದಾ ಒಳಗೆ ಹೋದವಳು, ತಲೆ ಸುತ್ತಿ ಹೊರಗೆ ಬರುತ್ತ, ಬಾಗಿಲಲ್ಲೇ ಬಿದ್ದಳು. ನಾನು ಹೇಳಿದ್ದ ಅದೇ ಬಾಗಿಲು. ನಿಮ್ಮೆಲ್ಲರ ನಗು ಆಫೀಸಿನವರೆಗೂ ಕೇಳಿಸಿತು. ಏನೋ ತಮಾಷೆ ನಡೆದಿದೆ ಎಂದು ನಾನೂ ಗಿರಾಕಿಗಳ ಮುಂದೆ ನಕ್ಕೆ, ಜಯಮ್ಮ. ಆಮೇಲೆ ಆ ನಗು ಒಮ್ಮೆಲೇ ನಿಂತಿತು. ಓಡಿಬಂದಾಗ ನೀವು ಅವಳ ಭುಜ ಹಿಡಿದು ಅಲುಗಿಸುತ್ತಿದ್ದಿರಿ. “ಏಳಮ್ಮಿ ಸುನಂದಾ, ಸಾಕು ನಾಟ್ಕ. ಬಟ್ಟೆಯೆಲ್ಲ ಗಲೀಜಾಯ್ತದೆ, ಏಳು. ಏಳಮ್ಮಿ!”

ಅವಳು ಏಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ಗಾಳಿಗೆ ಬೇಗ ಎತ್ತಿ ತಂದಿದ್ದರೆ ಉಳಿಯುತ್ತಿದ್ದಳೇನೋ ಎಂದರು. ಅವಳು ನಿಮ್ಮ ಗಂಡನ ತಂಗಿ. ಕೆಲಸಕ್ಕೆ ಸೇರಿಸಿದವರೂ ನೀವೇ. ನಗುತ್ತ ನಿಂತಿದ್ದವರಲ್ಲಿ ಎಲ್ಲರಿಗಿಂತ ಹತ್ತಿರ ಇದ್ದವರೂ ನೀವೇ. ನಿಮ್ಮನ್ನು ದೂರಲು ಊರವರಿಗೆ ಅಷ್ಟು ಸಾಕಾಯಿತು.

ವಿಚಾರಣೆಗೆ ಬಂದವರು ನನ್ನನ್ನು ಕೇಳಿದರು. ನಾನು ಹೇಳಿದೆ: “ಆವತ್ತು ಡ್ರಿಲ್ ಇರಲಿಲ್ಲ.”

ಎಂಥ ಜಾಣ ಮಾತು ನೋಡಿ. ಸುಳ್ಳಲ್ಲ! ಡ್ರಿಲ್ ರದ್ದಾಗಿತ್ತಲ್ಲ. ಆದರೆ ಇದೆ ಎಂದು ಹೇಳಿದ್ದೆ, ಇಲ್ಲ ಎಂದು ಹೇಳಲಿಲ್ಲ — ಆ ಮುಕ್ಕಾಲು ಪಾಲನ್ನು ನುಂಗಿಕೊಂಡೆ. ಹೇಳಿದ್ದರೆ ನನ್ನ ಡ್ರಿಲ್‌ಗಳೆಲ್ಲ ಬರೀ ನಾಟಕ ಎಂಬುದು ಹೊರಬೀಳುತ್ತಿತ್ತು, ಕೆಲಸ ಹೋಗುತ್ತಿತ್ತು. ಉಳಿದ ಹೆಂಗಸರು ನನ್ನ ಮುಖ ನೋಡಿದರು. ನಾನು ಇಲ್ಲ ಎಂದಮೇಲೆ ಅವರೂ ಇಲ್ಲ ಎಂದರು. ಕಾಂಟ್ರಾಕ್ಟಿನ ಮೇಲೆ ದುಡಿಯುವವರು, ಅವರಿಗೇಕೆ ಬೇಕಿತ್ತು ಉಸಾಬರಿ?

ಅದನ್ನೂ ನಾನು ಹೇಗೋ ಅರಗಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ತಿಥಿ ಮುಗಿದ ಮೇಲೆ ನೀವು ಗೇಟಿನ ಹತ್ತಿರ ಬಂದು ನಿಂತಿರಲ್ಲ...

“ಸಾ, ಆವತ್ತು ಡ್ರಿಲ್ ಅಂತ ನೀವೇ ಏಳಿದ್ರಲ್ವಾ? ನಮ್ಮತ್ತೆ ಮುಂದೆ ಬಂದು ಅದೊಂದ್ ಮಾತು ಏಳಿ ಸಾ. ನಾನ್ ಏಳುದ್ರೆ ನಂಬ್ತಾ ಇಲ್ಲ.”

“ಇಲ್ಲ ಜಯಮ್ಮ, ನಿಮಗೆ ಗೊಂದಲ ಆಗಿದೆ. ನಾನು ಹೇಳಿದ್ದು ಅದರ ಹಿಂದಿನ ಡ್ರಿಲ್ಲಿಗೆ. ದುಃಖದಲ್ಲಿ ಹಾಗಾಗುತ್ತೆ. ಮನೆಗೆ ಹೋಗಿ ಮಲ್ಕೊಳ್ಳಿ.”

ನೀವು ಜಗಳ ಆಡಲಿಲ್ಲ. ಕೂಗಲಿಲ್ಲ. ನನ್ನ ಮುಖವನ್ನೇ ನೋಡಿ, “ಔದಾ ಸಾ? ಅಂಗಾರೆ ನಾನೇ ಮರ್ತಿರ್ಬೇಕು” ಎಂದು ತಿರುಗಿ ಹೋದಿರಿ. ನಿಮ್ಮ ನೌಕರಿ ಹೋಯಿತು, ಹೆಸರು ಹೋಯಿತು. ಆದರೆ ನಾನು ಕಿತ್ತುಕೊಂಡದ್ದು ಅವೆರಡಕ್ಕಿಂತ ದೊಡ್ಡದು. ನಿಮ್ಮ ಕಿವಿಯ ಮೇಲೆ ನಿಮಗೇ ಇದ್ದ ನಂಬಿಕೆ — ಅದನ್ನು ಕಿತ್ತುಕೊಂಡೆ.

ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೇಳು ಎನ್ನುವುದೂ ಏಳು, ಎದ್ದೇಳು ಎನ್ನುವುದೂ ಏಳು. ಸುನಂದಾಳ ಭುಜ ಹಿಡಿದು ನೀವು ಕೂಗಿದ್ದು, ಗೇಟಿನಲ್ಲಿ ನನ್ನನ್ನು ಬೇಡಿಕೊಂಡದ್ದು ಎರಡೂ ನನ್ನ ಕಿವಿಯಲ್ಲಿ ಒಂದೇ ಆಗಿಹೋಗಿವೆ. ಬೆಳಿಗ್ಗೆ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಕೇಳಿಸುತ್ತದೆ, ಏಳು. ಕಪಿಲೆಯ ಸೇತುವೆ ಮೇಲೆ ಗಾಡಿ ಓಡಿಸುವಾಗ ಕೇಳಿಸುತ್ತದೆ, ಏಳು. ಹೆಂಡತಿ ಮಗನನ್ನು ಸ್ಕೂಲಿಗೆ ಎಬ್ಬಿಸುತ್ತ ಒಂದು ಸಲ “ಏಳೋ, ಏಳು” ಎಂದಾಗ, ಕೈಯಲ್ಲಿದ್ದ ಕಾಫಿ ಲೋಟ ಬೀಳಿಸಿಕೊಂಡೆ. ಏನಾಯ್ತ್ರೀ ಎಂದಳು. ಏನಿಲ್ಲ ಎಂದೆ. ಅವಳಿಗೂ ಹೇಳಲಿಲ್ಲ.

ಇನ್ನೂ ಹೇಸಿಗೆಯದ್ದೊಂದು ಇದೆ. ಹೊಸಬರಿಗೆ ತರಬೇತಿ ಕೊಡುವಾಗ ನಾನು ನಿಮ್ಮ ಕಥೆ ಹೇಳುತ್ತಿದ್ದೆ. ಹೆಸರು ಹೇಳುತ್ತಿರಲಿಲ್ಲ, ಎಂಥ ಸಭ್ಯತೆ! “ಪಕ್ಕದವರು ಬಿದ್ದರೆ ನಗುತ್ತ ನಿಲ್ಲಬೇಡಿ, ಇಲ್ಲೇ ಒಬ್ಬರು ಹಾಗೆ ನಿಂತಿದ್ದಕ್ಕೆ ಇನ್ನೊಬ್ಬರ ಜೀವ ಹೋಯಿತು” ಎನ್ನುತ್ತಿದ್ದೆ. ಈಗ ಡ್ರಿಲ್ಲಿನಲ್ಲಿ ಮನುಷ್ಯರನ್ನು ಮಲಗಿಸುವುದಿಲ್ಲ, ಬಟ್ಟೆ ತುಂಬಿದ ಬೊಂಬೆ ಇದೆ. ಈಚೆಗೆ ಒಬ್ಬ ಹೊಸ ಹುಡುಗಿ, ಬೊಂಬೆ ಯಾಕೆ ಅಂತ ಕೇಳಿದಳು. ಹಳಬಳೊಬ್ಬಳು ಉತ್ತರ ಕೊಟ್ಟಳು: “ಇಲ್ಲಿ ಒಬ್ಳು ಇದ್ಲಂತೆ ಕಣಮ್ಮಿ, ನಾದ್ನಿ ಸಾಯ್ತಾ ಇದ್ರೆ ಕೈ ತಟ್ಟಿ ನಗ್ತಿದ್ಲಂತೆ. ಬೇಕಂತ್ಲೇ ಇರ್ಬೋದು, ಯಾರ್ ಕಂಡೋರು?”

ಬೇಕಂತಲೇ. ನನ್ನ ಒಂದು ಮಾತು ಬೆಳೆದು ಬೆಳೆದು ಅಲ್ಲಿಗೆ ಮುಟ್ಟಿತ್ತು. ನಾನು ಅಲ್ಲೇ ನಿಂತಿದ್ದೆ. ಆಗಲೂ ತಕ್ಷಣ ಬಾಯಿ ಬಿಡಲಿಲ್ಲ, ಜಯಮ್ಮ. ಆಚೆ ಹೋಗಿಬಿಟ್ಟೆ. ಆಮೇಲೆ ಒಳಗೆ ಬಂದು ಆ ಇಬ್ಬರಿಗೂ ನಿಜ ಹೇಳಿದೆ. ಮೊದಲು ಕೇಳಿದವರು ಅವರೇ. ಮರುದಿನ ಮ್ಯಾನೇಜರಿಗೂ ಹೇಳಿದೆ. ಅವರು ನನ್ನನ್ನು ಏನು ಮಾಡುತ್ತಾರೋ ಮಾಡಲಿ, ಅದನ್ನು ಇಲ್ಲಿ ಹೇಳಿ ನಿಮ್ಮ ಕನಿಕರ ಗಿಟ್ಟಿಸುವ ಆಸೆ ನನಗಿಲ್ಲ.

ಆಮೇಲೆ ದೇವನೂರಿಗೆ ಹೋದೆ. ನಿಮ್ಮತ್ತೆ ಜಗಲಿ ಮೇಲೆ ಹುರುಳಿ ಹಸನು ಮಾಡುತ್ತ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಬಯ್ಯುತ್ತಾರೆ, ಮೊರ ಬೀಸಿ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರ ಕೈ ಮಾತ್ರ ಮೊರದಲ್ಲೇ ನಿಂತುಬಿಟ್ಟಿತು.

“ಅವಳು ಏಳ್ತಾನೇ ಇದ್ಲು ಕಣಪ್ಪ. ನನ್ ಕಾಲ್ ಇಡ್ಕಂಡು ಏಳಿದ್ಲು. ಆಮ್ಯಾಕೆ ಒಂದಿನ, ನಾನೇ ತಪ್ಪಾಗಿ ಕೇಳುಸ್ಕೊಂಡಿದ್ದೆ ಅತ್ತೆ, ಅಂದುಬುಟ್ಳು. ಅದ ಇಡ್ಕಂಡು ನಾನು ಅವಳ್ನ ಆಚೆಗ್ ಅಟ್ದೆ.” ಮೊರ ಪಕ್ಕಕ್ಕಿಟ್ಟು ಕೇಳಿದರು: “ಇದ ಅವಳ್ ಮುಂದೆ ಏಳಿದ್ದೀಯಾ?”

ಇಲ್ಲ ಎಂದೆ. ಹೌದು, ಹೇಳಿರಲಿಲ್ಲ. ಅದಕ್ಕಿಂತ ಮೊದಲೊಮ್ಮೆ, ನೀವು ಈಗಿರುವ ತಿ. ನರಸೀಪುರಕ್ಕೆ ಬಂದಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರದ ಟೈಲರ್ ಅಂಗಡಿಯಲ್ಲಿ ನೀವು ತಲೆ ಬಗ್ಗಿಸಿ ಹೊಲಿಯುತ್ತಿದ್ದಿರಿ. ರಸ್ತೆಯ ಈಚೆಯಿಂದ ನೋಡಿ, ಹೇಡಿಯ ಹಾಗೆ ವಾಪಸು ಬಂದೆ.

ಈ ಭಾನುವಾರ ಬರುತ್ತೇನೆ. ನಿಮ್ಮತ್ತೆಯೂ ಜೊತೆಗೆ ಬರುತ್ತಾರೆ. ಕ್ಷಮಿಸಿ ಎಂದು ನಾನು ಕೇಳುವುದಿಲ್ಲ. ಅದನ್ನು ಕೇಳುವುದೂ ನಿಮ್ಮ ಮೇಲೆ ಇನ್ನೊಂದು ಹೊರೆ. ನಿಮ್ಮ ಬೀದಿಯಲ್ಲಿ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಎಲ್ಲವನ್ನೂ ಹೇಳಿ ಹೋಗುತ್ತೇನೆ. ನನಗೆ ಬಾಗಿಲು ತೆಗೆಯಬೇಡಿ. ನಿಮ್ಮತ್ತೆ ಮಾತ್ರ ಅವತ್ತು ಬೆಳಿಗ್ಗೆ ಏನೂ ತಿನ್ನದೆ ಹೊರಡುತ್ತಾರಂತೆ. “ಅವಳ್ ಇಕ್ಕುದ್ರೆ ಉಣ್ತೀನಿ, ಇಲ್ಲಾಂದ್ರೆ ಅಂಗೇ ಬತ್ತೀನಿ” ಎಂದರು. ಇಕ್ಕುವುದೂ ಬಿಡುವುದೂ ನಿಮ್ಮ ಇಷ್ಟ, ಜಯಮ್ಮ.